ಬೆಣೆಯೋ, ತಿರುಪೋ?

ರಿವಾಲ್ವರನ್ನು ನಾವು ಹೆಚ್ಚಾಗಿ ನೋಡಿರುವುದು ಸಿನಿಮಾದಲ್ಲಿ. ಅದರ ನಳಿಕೆಯನ್ನು ಕೂಡಿಸುವ ಕಷ್ಟ ಅಲ್ಲಿ ಕಾಣುವುದಿಲ್ಲ. ಸಾಧಾರಣ ಬಂದೂಕಿನಲ್ಲಿ ಗುಂಡು ನಳಿಕೆಯೊಳಗೇ ಇರುತ್ತದೆ. ರಿವಾಲ್ವರಿನಲ್ಲಾದರೋ ಅದು ತಿರುಗುವ ಸಿಲಿಂಡರಿನ ಮನೆಯಿಂದ ಹೊರಟು, ಸಣ್ಣದೊಂದು ಸಂದನ್ನು ದಾಟಿ ನಳಿಕೆಯನ್ನು ಹೊಗಬೇಕು. ಎರಡೂ ತುಸು ಓರೆಯಾದರೆ ಗುಂಡಿನ ಸೀಸ ಅಂಚಿಗೆ ಕೆತ್ತಿಕೊಂಡು ಪಕ್ಕಕ್ಕೆ ಸಿಡಿಯುತ್ತದೆ. ಹಾರಿಸಿದವನಿಗೇ ತಗಲಿದರೂ ತಗಲೀತು. ಅದಕ್ಕೇ ನಳಿಕೆಯ ಹಿಂಬಾಯನ್ನು ಆಲಿಕೆಯಂತೆ ಅಗಲಿಸಿ ಕೊರೆಯುವುದು.

1836ರಲ್ಲಿ ಅಮೆರಿಕದ ಪೇಟೆಂಟ್ ಪಡೆದ ಸ್ಯಾಮ್ಯುಯೆಲ್ ಕೋಲ್ಟ್ ನಳಿಕೆಯನ್ನು ಬೆಣೆಯಿಂದ ಬಿಗಿದ, ನಮ್ಮೂರ ಗುದ್ದಲಿಯ ಕಾವಿಗೆ ಬೆಣೆ ಹೊಡೆದ ಹಾಗೆ. ಬಿಚ್ಚಲು ಸುಲಭ, ಆದರೆ ಬೆಣೆ ಸವೆದರೆ ನಳಿಕೆ ಅಲುಗುತ್ತದೆ. 1851ರ ಲಂಡನ್ ಮಹಾಪ್ರದರ್ಶನದಲ್ಲಿ ಅವನಿಗೆ ಎದುರಾಳಿ ರಾಬರ್ಟ್ ಆಡಮ್ಸ್. ಇವನು ನಳಿಕೆ, ಚೌಕಟ್ಟು ಎರಡನ್ನೂ ಒಂದೇ ಕಬ್ಬಿಣದಲ್ಲಿ ಬಡಿಸಿದ್ದ. ಅದೇ ವರ್ಷ ಕೋಲ್ಟ್ ಅಲ್ಲಿಯ ಸಿವಿಲ್ ಇಂಜಿನಿಯರುಗಳ ಸಂಸ್ಥೆಯಲ್ಲಿ ಯಂತ್ರಗಳಿಂದ ಬಿಡಿಭಾಗ ಮಾಡುವ ತನ್ನ ಪದ್ಧತಿಯನ್ನು ವಿವರಿಸಿದ. ಯಂತ್ರದ ಮಾತಿನಲ್ಲಿ ಕೋಲ್ಟನದೇ ಮೇಲುಗೈ. ಚೌಕಟ್ಟಿನ ಮಾತಿನಲ್ಲಿ ಆಡಮ್ಸನದೇ ಸರಿಯೆಂದು ನಮ್ಮ ಮತ.

ಕೋಲ್ಟ್ 1862ರಲ್ಲಿ ತೀರಿಕೊಂಡ. 1873ರಲ್ಲಿ ಅವನ ಕಂಪನಿಯೇ ಅಮೆರಿಕದ ಸೈನ್ಯಕ್ಕೆ ಕೊಟ್ಟ ಹೊಸ ರಿವಾಲ್ವರಿನಲ್ಲಿ ಬೆಣೆ ಇರಲಿಲ್ಲ! ಸಿಲಿಂಡರಿನ ಮೇಲೂ ಕೆಳಗೂ ಸುತ್ತುವರಿದ ಗಟ್ಟಿ ಚೌಕಟ್ಟು. ನಳಿಕೆಯನ್ನು ಅದಕ್ಕೆ ತಿರುಪಿನಂತೆ ತಿರುಗಿಸಿ ಬಿಗಿಯುವುದು. ಬಿಗಿತ ಮುಗಿಯುವ ಹೊತ್ತಿಗೆ ತುದಿಯ ಗುರಿಮೊನೆ ನೆಟ್ಟಗೆ ಮೇಲಕ್ಕೆ ನಿಲ್ಲಬೇಕು. ಅಷ್ಟು ಯಂತ್ರಗಳಿದ್ದರೂ ಇದಕ್ಕೆ ನುರಿತ ಕೈಯೇ ಬೇಕಾಯಿತು.