ವುಡ್‌ಸ್ಟಾಕ್‌ನ ಇಟ್ಟಿಗೆಮನೆ: ಅರಣ್ಯಚಿಂತನೆಯ ಒಂದು ನೆಲೆ

ಅಮೆರಿಕದ ವರ್ಮಾಂಟ್ ರಾಜ್ಯದ ವುಡ್‌ಸ್ಟಾಕ್ ಪಟ್ಟಣದಲ್ಲಿ, ಮೌಂಟ್ ಟಾಮ್ ಎಂಬ ಗುಡ್ಡದ ತಪ್ಪಲಿನಲ್ಲಿ, ಹಳೆಯ ಇಟ್ಟಿಗೆಮನೆಯೊಂದಿದೆ. ವಕೀಲನಾಗಿದ್ದ ಚಾರ್ಲ್ಸ್ ಮಾರ್ಷ್ ಅದನ್ನು ಕಟ್ಟಿಸಿದ್ದು 1805–07ರ ಅವಧಿಯಲ್ಲಿ. ಅರಣ್ಯನಾಶದ ಪರಿಣಾಮಗಳನ್ನು ಚರಿತ್ರೆಯ ಸಾಕ್ಷ್ಯಗಳೊಡನೆ ನಿರೂಪಿಸಿದ ‘ಮ್ಯಾನ್ ಅಂಡ್ ನೇಚರ್’ (1864) ಗ್ರಂಥದ ಕರ್ತೃ ಜಾರ್ಜ್ ಪರ್ಕಿನ್ಸ್ ಮಾರ್ಷ್ (1801–1882) ಅವನ ಮಗ. ಬೆಳೆದದ್ದು ಈ ಮನೆಯಲ್ಲಿ.

ಬಾಲ್ಯದಲ್ಲಿ ಕಣ್ಣಿನ ಬೇನೆಯಿಂದಾಗಿ ಕೆಲಕಾಲ ಓದು ನಿಂತುಹೋದಾಗ ಮಾರ್ಷ್‌ನ ಗಮನ ಹೊರಗಿನ ನೆಲ, ನೀರು, ಮರಗಳತ್ತ ಹರಿಯಿತು. ಗಾಡಿಯಲ್ಲಿ ಹೋಗುವಾಗ ತಂದೆಯು ಮರಗಳ ಹೆಸರನ್ನೂ, ನೀರು ಇಬ್ಭಾಗವಾಗಿ ಹರಿಯುವ ದಿಣ್ಣೆಗಳನ್ನೂ ತೋರಿಸಿಕೊಡುತ್ತಿದ್ದುದನ್ನು ಆತ ಮುಂದೆ ನೆನೆದುಕೊಂಡಿದ್ದಾನೆ. ಅದೇ ಕಾಲದಲ್ಲಿ ವರ್ಮಾಂಟಿನ ಗುಡ್ಡಗಳು ಬೇಸಾಯಕ್ಕೆ, ಸೌದೆಗೆ, ಕುರಿಗಳ ಮೇವಿಗೆ ಬೋಳಾಗುತ್ತಿದ್ದವು. ಮಣ್ಣು ಕೊಚ್ಚಿಹೋಗುವುದನ್ನೂ, ಹೊಳೆಗಳು ಮಳೆಯಲ್ಲಿ ಉಕ್ಕಿ ಬೇಸಗೆಯಲ್ಲಿ ಸೊರಗುವುದನ್ನೂ ಆತ ಕಣ್ಣಾರೆ ಕಂಡನು. 1849ರಲ್ಲಿ ತುರ್ಕಿಗೆ, 1861ರಿಂದ ಕೊನೆಯವರೆಗೆ ಇಟಲಿಗೆ ಅಮೆರಿಕದ ರಾಯಭಾರಿಯಾಗಿದ್ದ ಅವನಿಗೆ ಮೆಡಿಟರೇನಿಯನ್ ತೀರದ ಬರಡು ಬೆಟ್ಟಗಳು ತನ್ನ ಊರಿನ ಭವಿಷ್ಯವಾಗಿ ತೋರಿದವು. ಮನುಷ್ಯನೇ ಪ್ರಕೃತಿಯ ಸಮತೋಲವನ್ನು ಕೆಡಿಸುವ ಪ್ರಬಲ ಶಕ್ತಿಯೆಂಬ ಅವನ ವಾದದ ಹಿಂದೆ ಈ ಎರಡು ಭೂದೃಶ್ಯಗಳ ಹೋಲಿಕೆಯಿದೆ.

1869ರಲ್ಲಿ ಮನೆಯನ್ನೂ ಜಮೀನನ್ನೂ ಕೊಂಡ ಫ್ರೆಡರಿಕ್ ಬಿಲ್ಲಿಂಗ್ಸ್ ಕ್ಯಾಲಿಫೋರ್ನಿಯಾದ ಚಿನ್ನದ ಅಲೆಯ ಕಾಲದಲ್ಲಿ ವಕೀಲಿಯಿಂದ ಸಿರಿವಂತನಾದವನು. ಮುಂದೆ ನಾರ್ದರ್ನ್ ಪೆಸಿಫಿಕ್ ರೈಲ್ವೆಯ ಅಧ್ಯಕ್ಷನೂ ಆದನು. ಮಾರ್ಷ್‌ನ ವಿಚಾರಗಳನ್ನು ಓದಿದ್ದ ಈತ ಬೋಳಾದ ಮೌಂಟ್ ಟಾಮ್‌ನ ಇಳಿಜಾರುಗಳಲ್ಲಿ ಸ್ಪ್ರೂಸ್, ಪೈನ್, ಲಾರ್ಚ್ ಗಿಡಗಳನ್ನು ನೆಡಿಸಿದನು. ಅವನು 1890ರಲ್ಲಿ ತೀರಿಕೊಂಡ ಮೇಲೆ ಪತ್ನಿ ಜೂಲಿಯಾ ಮತ್ತು ಹೆಣ್ಣುಮಕ್ಕಳು ಆ ಕಾರ್ಯವನ್ನು ಮುಂದುವರಿಸಿದರು. ಮೊಮ್ಮಗಳು ಮೇರಿ ಮತ್ತು ಆಕೆಯ ಪತಿ ಲಾರೆನ್ಸ್ ರಾಕ್‌ಫೆಲರ್ ನೀಡಿದ ದಾನದಿಂದ 1992ರಲ್ಲಿ ಅದು ರಾಷ್ಟ್ರೀಯ ಐತಿಹಾಸಿಕ ಉದ್ಯಾನವಾಯಿತು. ಹೀಗೆ ಒಬ್ಬನ ಗ್ರಂಥದಲ್ಲಿದ್ದುದು ಅವನ ಮನೆಯ ಹಿತ್ತಿಲಿನಲ್ಲೇ, ಮತ್ತೊಬ್ಬನ ಹಣದಿಂದ, ಕಾಡಾಗಿ ಬೆಳೆಯಿತು.

ಈ ಚರಿತ್ರೆಯ ಒಂದು ಎಳೆ ಕನ್ನಡ ನಾಡಿಗೂ ತಾಗುತ್ತದೆ. 1840ರ ದಶಕದಲ್ಲಿ ಶಿವಮೊಗ್ಗದಲ್ಲಿ ವೈದ್ಯನಾಗಿದ್ದು, 1856ರಲ್ಲಿ ಮದ್ರಾಸ್ ಪ್ರಾಂತದ ಅರಣ್ಯ ಇಲಾಖೆಯ ಮೊದಲ ಮುಖ್ಯಸ್ಥನಾದ ಹ್ಯೂ ಕ್ಲೆಗಾರ್ನ್, ಮಾರ್ಷ್‌ನ ಗ್ರಂಥವನ್ನು ಹಿಮಾಲಯದ ಇಳಿಜಾರುಗಳಲ್ಲಿಯೂ ಕಾಶ್ಮೀರದಲ್ಲಿಯೂ ತನ್ನೊಡನೆ ಒಯ್ದಿದ್ದಾಗಿ 1868ರಲ್ಲಿ ಅವನಿಗೆ ಪತ್ರ ಬರೆದನು. ಆದರೆ ಕ್ಲೆಗಾರ್ನ್‌ನ ನಿಲುವುಗಳಿಗೆ ಆ ಗ್ರಂಥವೇ ಮೂಲವೆನ್ನಲಾಗದು. ಉಷ್ಣವಲಯದ ಅರಣ್ಯನಾಶವನ್ನು ಕುರಿತು ಆತ ಸಿದ್ಧಪಡಿಸಿದ ವರದಿ ಬ್ರಿಟಿಷ್ ಅಸೋಸಿಯೇಷನ್ನಿನ ಮುಂದೆ ಬಂದದ್ದು 1851ರಲ್ಲಿ. ಮಲೆನಾಡಿನ ಅನುಭವವೂ ವರ್ಮಾಂಟಿನ ಅನುಭವವೂ ಬೇರೆಬೇರೆಯಾಗಿ ಹುಟ್ಟಿ, ಬಳಿಕ ಒಂದನ್ನೊಂದು ಸಮರ್ಥಿಸಿದವು.

ಆದರೂ ಎರಡಕ್ಕೂ ಒಂದು ಮುಖ್ಯ ಅಂತರವಿದೆ. ವುಡ್‌ಸ್ಟಾಕ್‌ನಲ್ಲಿ ಮರ ಕಡಿದವರೂ ನೆಟ್ಟವರೂ ಭೂಮಾಲೀಕರೇ. ಅದಕ್ಕೂ ಮೊದಲು ಆ ನೆಲ ಅಬೆನಕಿ ಜನರದಾಗಿದ್ದಿತು. ಕನ್ನಡ ಜಿಲ್ಲೆಗಳಲ್ಲಿ ದೋಷವನ್ನು ಹೊರಬೇಕಾದವರು ಕುಮರಿ ಬೇಸಾಯಗಾರರು. ಹಡಗುಕಟ್ಟೆಗೂ ರೈಲುಮಾರ್ಗಕ್ಕೂ ಮರ ಬೇಕಾಗಿದ್ದ ಸರ್ಕಾರವೇ, ಅಪ್ಪಣೆಯಿಲ್ಲದೆ ತನ್ನ ಕಾಡುಗಳಲ್ಲಿ ಕುಮರಿ ಕಡಿಯುವುದನ್ನು 1860ರಲ್ಲಿ ನಿಷೇಧಿಸಿತು. ಅಂದು ಕಾಸರಗೋಡಿನ ಸೀಮೆಯೂ ಕನ್ನಡ ಜಿಲ್ಲೆಯೊಳಗೆ ಸೇರಿತ್ತು.

ವುಡ್‌ಸ್ಟಾಕ್‌ನ ಮನೆ ಇಂದು ಸಂದರ್ಶಕರಿಗೆ ತೆರೆದಿದೆ. ಅರಣ್ಯಚಿಂತಕನ ಮನೆ ಸ್ಮಾರಕವಾಗಿ ಉಳಿಯುತ್ತದೆ. ಕುಮರಿ ಬೇಸಾಯಗಾರನ ಗುಡಿಸಲು ಉಳಿಯುವಂಥದಲ್ಲ. ಅರಣ್ಯರಕ್ಷಣೆಯ ಚರಿತ್ರೆಯನ್ನು ಬರೆಯುವವರು ಉಳಿದಿರುವ ಮನೆಯನ್ನು ನೋಡುವಷ್ಟೇ ಎಚ್ಚರದಿಂದ ಉಳಿಯದ ಗುಡಿಸಲನ್ನೂ ಕಡತಗಳಲ್ಲಿ, ಸ್ಥಳನಾಮಗಳಲ್ಲಿ, ಜನರ ನೆನಪಿನಲ್ಲಿ ಹುಡುಕಬೇಕಾಗುತ್ತದೆ.