ಔಷಧದಾನವೂ ಆಸ್ಪತ್ರೆಯ ಮುಂಗಡವೂ

ಕರ್ನಾಟಕದ ಜೈನ ಶಾಸನಗಳು ದಾನಿಗಳನ್ನು ಸ್ತುತಿಸುವಾಗ ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂಬ ನಾಲ್ಕು ದಾನಗಳನ್ನು ಒಟ್ಟಾಗಿಯೇ ಹೆಸರಿಸುತ್ತವೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ವೈಯಾವೃತ್ಯವನ್ನು ನಿರೂಪಿಸುವಾಗ ಆಹಾರದ ಮಗ್ಗುಲಲ್ಲೇ ಔಷಧವನ್ನು ಇರಿಸಿದ್ದಾರೆ. ಹದಿನಾಲ್ಕನೆಯ ಶತಮಾನದ ಜೈನಕವಿ ಮಂಗರಾಜನು ಖಗೇಂದ್ರಮಣಿದರ್ಪಣವನ್ನು ವಿಷವೈದ್ಯಕ್ಕೇ ಮೀಸಲಿಟ್ಟನು. ವಿಷವೇರಿದವನಿಗೆ ನಾಳೆಯೆಂಬುದಿಲ್ಲ, ಆದ್ದರಿಂದ ಅದನ್ನು ಇಂದಿನ ಮಾತಿನಲ್ಲಿ ತುರ್ತು ಚಿಕಿತ್ಸೆಯ ಗ್ರಂಥವೆಂದು ಕರೆಯಲು ಅಡ್ಡಿಯಿಲ್ಲ.

ಔಷಧವನ್ನು ದಾನವೆಂದು ಕರೆದ ಹಿರಿಯರು ಅದಕ್ಕೆ ಬೆಲೆಯಿಲ್ಲವೆಂದು ಭಾವಿಸಿದವರಲ್ಲ. ಬೆಲೆಯನ್ನು ರೋಗಿಯಲ್ಲದೆ ಮತ್ತೊಬ್ಬನು ಹೊರಬಹುದು, ಹೊರಬೇಕು ಎಂಬುದು ಅವರ ಅಭಿಪ್ರಾಯ. ಪ್ರತಿಯೊಂದು ಚಿಕಿತ್ಸೆಯ ಖರ್ಚೂ ಯಾರದಾದರೊಬ್ಬರ ಖಾತೆಯಲ್ಲಿ ಬರೆಯಲ್ಪಡುತ್ತದೆ. ಯಾರ ಖಾತೆಯಲ್ಲಿ, ಮತ್ತು ಚಿಕಿತ್ಸೆಗೆ ಮೊದಲೋ ಆಮೇಲೋ ಎಂಬ ಎರಡು ಪ್ರಶ್ನೆಗಳ ಸುತ್ತಲೇ ಕಳೆದ ಎಂಬತ್ತು ವರ್ಷಗಳ ಆಸ್ಪತ್ರೆಯ ಇತಿಹಾಸವು ಸುತ್ತಿದೆ.

ಸ್ವಾತಂತ್ರ್ಯಕ್ಕೆ ಮುನ್ನ, 1943ರಲ್ಲಿ ನೇಮಕವಾದ ಭೋರ್ ಸಮಿತಿಯು 1946ರಲ್ಲಿ ವರದಿಯನ್ನು ಒಪ್ಪಿಸಿತು. ಹಣ ತೆರಲಾರನೆಂಬ ಕಾರಣದಿಂದ ಯಾವನೊಬ್ಬನೂ ತಕ್ಕ ವೈದ್ಯಕೀಯ ನೆರವಿನಿಂದ ವಂಚಿತನಾಗಬಾರದೆಂಬುದು ಅದರ ಮೂಲತತ್ತ್ವ. ತತ್ತ್ವವನ್ನು ಎಲ್ಲರೂ ಒಪ್ಪಿದರು; ಹಣದ ಏರ್ಪಾಡು ಮಾತ್ರ ಕೆಲವರಿಗಷ್ಟೇ ಆಯಿತು. 1948ರ ರಾಜ್ಯ ವಿಮಾ ಕಾಯಿದೆಯಿಂದ ಕಾರ್ಖಾನೆಯ ಕಾರ್ಮಿಕರಿಗೂ, 1954ರ ಯೋಜನೆಯಿಂದ ಕೇಂದ್ರ ಸರಕಾರದ ನೌಕರರಿಗೂ ಆಸರೆ ದೊರೆಯಿತು. 1986ರಲ್ಲಿ ಸರಕಾರಿ ವಿಮಾ ಕಂಪನಿಗಳು ಮೆಡಿಕ್ಲೇಮ್ ಪಾಲಿಸಿಯನ್ನು ತಂದಾಗ ಕಂತು ಕಟ್ಟಬಲ್ಲ ಮಧ್ಯಮವರ್ಗಕ್ಕೆ ಒಂದು ದಾರಿಯಾಯಿತು. ರೈತ, ಕೂಲಿಕಾರ, ಸಣ್ಣ ಅಂಗಡಿಯವನು ಇವರಿಗೆ ಉಳಿದುದು ಸರಕಾರಿ ಆಸ್ಪತ್ರೆ, ಇಲ್ಲವೆ ಸಾಲ.

ಈ ಕೊರತೆಯು ನ್ಯಾಯಾಲಯದ ಕಣ್ಣಿಗೆ ಬಿದ್ದುದು ಒಂದು ಪತ್ರಿಕಾ ವರದಿಯಿಂದ. ಕಾರು ಬಡಿದು ಗಾಯಗೊಂಡ ಸ್ಕೂಟರ್ ಸವಾರನೊಬ್ಬನನ್ನು ದಾರಿಹೋಕನು ಹತ್ತಿರದ ಆಸ್ಪತ್ರೆಗೆ ಒಯ್ದನು. ಪೊಲೀಸ್ ಪ್ರಕರಣಗಳನ್ನು ನೋಡುವ ಅಧಿಕಾರ ತಮಗಿಲ್ಲವೆಂದು ಹೇಳಿ ಅಲ್ಲಿಯವರು ಸುಮಾರು 20 ಕಿಲೋಮೀಟರ್ ದೂರದ ಇನ್ನೊಂದು ಆಸ್ಪತ್ರೆಯನ್ನು ತೋರಿಸಿದರು. ಗಾಯಾಳು ದಾರಿಯಲ್ಲಿಯೇ ತೀರಿಕೊಂಡನು. ಈ ವರದಿಯನ್ನು ಮುಂದಿಟ್ಟು ಪರಮಾನಂದ ಕಟಾರಾ ಅವರು ಹೂಡಿದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 1989ರ ಆಗಸ್ಟ್‌ನಲ್ಲಿ ತೀರ್ಪಿತ್ತಿತು. ಪ್ರಾಣ ಉಳಿಸುವುದು ಸರಕಾರಿ, ಖಾಸಗಿ ಎಂಬ ಭೇದವಿಲ್ಲದೆ ಎಲ್ಲ ವೈದ್ಯರ ಕರ್ತವ್ಯವೆಂದೂ, ಕಾನೂನಿನ ವಿಧಿಗಳು ಅದಕ್ಕೆ ಅಡ್ಡಬರಬಾರದೆಂದೂ ಅದು ಸಾರಿತು. ಆದರೆ ಖರ್ಚನ್ನು ಯಾರು ಭರಿಸಬೇಕೆಂಬ ಏರ್ಪಾಡನ್ನು ಆ ತೀರ್ಪು ಮಾಡಲಿಲ್ಲ.

ಎರಡನೆಯ ಪ್ರಕರಣವು ಪಶ್ಚಿಮ ಬಂಗಾಳದ್ದು. 1992ರ ಜುಲೈನಲ್ಲಿ ಕೃಷಿಕೂಲಿಗಾರರ ಸಂಘದ ಸದಸ್ಯನೊಬ್ಬನು ರೈಲಿನಿಂದ ಬಿದ್ದು ತಲೆಗೆ ಪೆಟ್ಟಾಯಿತು. ಒಂದಾದ ಮೇಲೊಂದು ಸರಕಾರಿ ಆಸ್ಪತ್ರೆಯ ಬಾಗಿಲಿಗೆ ಅವನನ್ನು ಹೊತ್ತೊಯ್ದರು. ಒಂದೆಡೆ ಸಲಕರಣೆಯಿಲ್ಲ, ಮತ್ತೊಂದೆಡೆ ಹಾಸಿಗೆಯಿಲ್ಲ. ಕೊನೆಗೆ ಖಾಸಗಿ ಆಸ್ಪತ್ರೆಯಲ್ಲಿ ಸುಮಾರು 17,000 ರೂಪಾಯಿ ತೆತ್ತು ಅವನು ಬದುಕಿಕೊಂಡನು. 1996ರ ಮೇ ತಿಂಗಳ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯವು, ಸಕಾಲದ ಚಿಕಿತ್ಸೆಯನ್ನು ನಿರಾಕರಿಸುವುದು ಜೀವಿಸುವ ಹಕ್ಕಿಗೆ ಭಂಗವೆಂದು ಹೇಳಿ 25,000 ರೂಪಾಯಿ ಪರಿಹಾರ ಕೊಡಿಸಿತು. ಹಣದ ಅಭಾವವನ್ನು ಸರಕಾರವು ನೆಪವಾಗಿ ಮುಂದೊಡ್ಡಲಾಗದೆಂದಿತು. ಎಲ್ಲಿ ಹಾಸಿಗೆ ಖಾಲಿಯಿದೆಯೆಂದು ತಿಳಿಸುವ ಕೇಂದ್ರವ್ಯವಸ್ಥೆಯು ಬೇಕೆಂದೂ ಸೂಚಿಸಿತು.

ಹಾಸಿಗೆಯ ಮಾತು ಬಂದುದರಿಂದ ಅಮೆರಿಕದ ಅನುಭವವನ್ನೂ ನೋಡಬಹುದು. ಷಿಕಾಗೋದ ಕುಕ್ ಕೌಂಟಿ ಸಾರ್ವಜನಿಕ ಆಸ್ಪತ್ರೆಯ ವೈದ್ಯರು, ಬೇರೆ ಆಸ್ಪತ್ರೆಗಳಿಂದ ತಮ್ಮಲ್ಲಿಗೆ ಸಾಗಿಸಲ್ಪಟ್ಟ ರೋಗಿಗಳ ಲೆಕ್ಕವನ್ನು 1986ರಲ್ಲಿ ಪ್ರಕಟಿಸಿದರು. ಶೇಕಡಾ 87 ಮಂದಿಯನ್ನು ಕಳುಹಿಸಿದ್ದು ತಕ್ಕ ವಿಮೆ ಇಲ್ಲವೆಂಬ ಕಾರಣಕ್ಕೆ. ಶೇಕಡಾ 24 ಮಂದಿ ಸಾಗಿಸುವಾಗ ಅಪಾಯದ ಸ್ಥಿತಿಯಲ್ಲಿಯೇ ಇದ್ದರು. ಅದೇ ವರ್ಷ ಅಲ್ಲಿನ ಸಂಸತ್ತು ಕಾಯಿದೆಯೊಂದನ್ನು ಮಾಡಿತು. ತುರ್ತು ವಿಭಾಗಕ್ಕೆ ಬಂದ ಯಾರನ್ನೇ ಆಗಲಿ, ಹಣದ ವಿಚಾರವೆತ್ತದೆ ಪರೀಕ್ಷಿಸಿ ಸ್ಥಿತಿಯನ್ನು ಸ್ಥಿರಗೊಳಿಸಬೇಕು. ಇದು ದಯೆಯ ಶಾಸನವೇ ಸರಿ. ಆದರೆ ಆಜ್ಞೆಯೊಡನೆ ಹಣ ಬರಲಿಲ್ಲ. 1993ರಿಂದ 2003ರವರೆಗೆ ಅಲ್ಲಿ ತುರ್ತು ವಿಭಾಗಕ್ಕೆ ಬಂದವರ ವಾರ್ಷಿಕ ಸಂಖ್ಯೆ ಸುಮಾರು 9 ಕೋಟಿಯಿಂದ 11.4 ಕೋಟಿಗೆ ಏರಿತು. ಅದೇ ಅವಧಿಯಲ್ಲಿ 425 ತುರ್ತು ವಿಭಾಗಗಳು ಮುಚ್ಚಿದವು, ಆಸ್ಪತ್ರೆಗಳ ಹಾಸಿಗೆಗಳು 1,98,000ದಷ್ಟು ಕಡಿಮೆಯಾದವು. ವಾರ್ಡಿನಲ್ಲಿ ಹಾಸಿಗೆ ತೆರವಾಗದೆ, ದಾಖಲಾಗಬೇಕಾದ ರೋಗಿಯು ತುರ್ತು ವಿಭಾಗದ ಓಣಿಯಲ್ಲಿಯೇ ಗಂಟೆಗಟ್ಟಲೆ ಮಲಗಿರುತ್ತಾನೆ. ಅವನ ಹಿಂದೆ ಬಂದವನಿಗೆ ಸ್ಥಳವಿಲ್ಲದಾಗುತ್ತದೆ. ನೂಕುನುಗ್ಗಲು ಬಾಗಿಲಲ್ಲಿ ಕಾಣುತ್ತದೆ, ಅದರ ಕಾರಣವು ಒಳಗಿನ ವಾರ್ಡಿನಲ್ಲಿಯೂ ಲೆಕ್ಕದ ಪುಸ್ತಕದಲ್ಲಿಯೂ ಇರುತ್ತದೆ.

ಕರ್ನಾಟಕವು ಆಜ್ಞೆಯನ್ನೂ ಹಣದ ಚೀಲವನ್ನೂ ಹತ್ತಿರ ತರಲು ಹಲವು ಪ್ರಯತ್ನಗಳನ್ನು ಮಾಡಿದೆ. 2003ರಲ್ಲಿ ಆರಂಭವಾದ ಯಶಸ್ವಿನಿ ಯೋಜನೆಯಲ್ಲಿ ಸಹಕಾರ ಸಂಘದ ರೈತನು ತಿಂಗಳಿಗೆ 5 ರೂಪಾಯಿಯಂತೆ ವರ್ಷಕ್ಕೆ 60 ರೂಪಾಯಿ ಕಟ್ಟಿ ಶಸ್ತ್ರಚಿಕಿತ್ಸೆಯ ಹಕ್ಕನ್ನು ಪಡೆದನು. ಹನಿಗೂಡಿ ಹಳ್ಳವೆಂಬುದಕ್ಕೆ ಇದು ಒಳ್ಳೆಯ ನಿದರ್ಶನ. 2008ರ ರಾಜ್ಯೋತ್ಸವದಂದು 108 ಆಂಬುಲೆನ್ಸ್ ಸೇವೆ ಬಂದಿತು. 2016ರಲ್ಲಿ ಹರೀಶ್ ಸಾಂತ್ವನ ಯೋಜನೆಯು ಅಪಘಾತದ ಗಾಯಾಳುವಿಗೆ ಮೊದಲ 48 ಗಂಟೆಗಳ ಚಿಕಿತ್ಸೆಗೆ 25,000 ರೂಪಾಯಿಯವರೆಗೆ ಕೊಡಲೊಪ್ಪಿತು. ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆಗೆ 2017ರಲ್ಲಿ ತಿದ್ದುಪಡಿಯಾಗಿ, ತುರ್ತು ಸಂದರ್ಭದಲ್ಲಿ ಮುಂಗಡಕ್ಕೆ ಒತ್ತಾಯಿಸಬಾರದೆಂಬ ವಿಧಿಯು ಸೇರಿತು. 2018ರಲ್ಲಿ ಆರೋಗ್ಯ ಕರ್ನಾಟಕವೂ ಆಯುಷ್ಮಾನ್ ಭಾರತವೂ ಬಂದು, ಅರ್ಹ ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗಿನ ಒಳರೋಗಿ ಚಿಕಿತ್ಸೆಯ ಭರವಸೆ ದೊರೆಯಿತು. ಅಂದು ಅದರಲ್ಲಿ ಲೀನವಾದ ಯಶಸ್ವಿನಿಯು 2022ರಲ್ಲಿ ಮರುಜೀವ ಪಡೆಯಿತು. 2025ರ ಮೇ ತಿಂಗಳಲ್ಲಿ ಕೇಂದ್ರ ಸರಕಾರವು ರಸ್ತೆ ಅಪಘಾತದ ಗಾಯಾಳುಗಳಿಗೆ ಏಳು ದಿನಗಳವರೆಗೆ, 1.5 ಲಕ್ಷ ರೂಪಾಯಿಯ ಮಿತಿಯಲ್ಲಿ, ನಗದಿಲ್ಲದ ಚಿಕಿತ್ಸೆಯನ್ನು ವಿಧಿಸಿತು. 1989ರ ಆಜ್ಞೆಯನ್ನು ಹಣವು ಹಿಂಬಾಲಿಸಲು 36 ವರ್ಷಗಳು ಹಿಡಿದವು; ಅದೂ ರಸ್ತೆಯ ಗಾಯಾಳುವಿಗೆ ಮಾತ್ರ.

ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಜನರು ನೇರವಾಗಿ ಕೈಯಿಂದ ತೆರುವ ಪಾಲು 2013-14ರಲ್ಲಿ ಶೇಕಡಾ 64.2 ಇತ್ತು, 2021-22ರ ವೇಳೆಗೆ ಶೇಕಡಾ 39.4ಕ್ಕೆ ಇಳಿಯಿತು. ಇಳಿಕೆಯು ಸಂತೋಷದ ವಿಷಯ. ಆದರೂ ನೂರರಲ್ಲಿ ಸುಮಾರು ನಲವತ್ತು ರೂಪಾಯಿ ಇನ್ನೂ ರೋಗಿಯ ಜೇಬಿನಿಂದಲೇ ಬಂದ ಲೆಕ್ಕವದು. ಹಾವು ಕಚ್ಚಿದವನು, ಎದೆನೋವಿನಿಂದ ಕುಸಿದವನು ರಸ್ತೆ ಅಪಘಾತದ ಯೋಜನೆಗೆ ಸೇರುವುದಿಲ್ಲ. ಬಡತನದ ಕಾರ್ಡೂ ಇಲ್ಲದ, ವಿಮೆಯೂ ಇಲ್ಲದ ಕುಟುಂಬಗಳು ನಮ್ಮ ಸಮಾಜದಲ್ಲಿಯೂ ಇವೆ. ವಿಮೆಯಿದ್ದವನಿಗೂ ರಾತ್ರಿ ಒಪ್ಪಿಗೆ ಬರುವುದು ತಡವಾಗಬಹುದು. ಆ ಹೊತ್ತಿನಲ್ಲಿ ಮುಂಗಡ ಹೊಂದದವರು ದೂರದ ಸರಕಾರಿ ದೊಡ್ಡಾಸ್ಪತ್ರೆಗೆ ನಡೆಯುತ್ತಾರೆ. ಅಲ್ಲಿನ ನೂಕುನುಗ್ಗಲಿಗೆ ಇನ್ನೊಬ್ಬರು ಸೇರುತ್ತಾರೆ.

ದತ್ತಿಗಳು ವಿಚಾರಿಸಬೇಕಾದುದು ಇಲ್ಲಿಯೇ. ಕಲ್ಲಿನ ಮೇಲೆ ಹೆಸರು ಕೆತ್ತಿಸಿ ಕಟ್ಟಡ ಕಟ್ಟಿಸುವುದು ಸುಲಭ; ಅದರಲ್ಲಿ ವೈದ್ಯನನ್ನೂ ದಾದಿಯನ್ನೂ ವರ್ಷವಿಡೀ ಇರಿಸುವುದು ಕಷ್ಟ. ಅದಕ್ಕಿಂತ ಚಿಕ್ಕದಾದ ಒಂದು ಕಾರ್ಯವಿದೆ. ವ್ಯಾಪಾರಿಗಳಿಗೆ ಜಾಮೀನಿನ ಬೆಲೆ ಗೊತ್ತು. ಬಸದಿಯ ದತ್ತಿಯು ಊರಿನ ಒಂದೆರಡು ಆಸ್ಪತ್ರೆಗಳೊಡನೆ ಮೊದಲೇ ಬರಹದಲ್ಲಿ ಒಪ್ಪಂದ ಮಾಡಿಕೊಂಡು, ಗೊತ್ತುಪಡಿಸಿದ ಮಿತಿಯವರೆಗೆ ಮೊದಲ ದಿನದ ಖರ್ಚಿಗೆ ಜಾಮೀನು ನಿಲ್ಲಬಹುದು. ವಿಮೆಯೋ ಸರಕಾರಿ ಯೋಜನೆಯೋ ಕುಟುಂಬವೋ ಆಮೇಲೆ ತೆತ್ತಾಗ ಆ ಹಣವು ನಿಧಿಗೆ ಮರಳಿ ಮುಂದಿನವನಿಗೆ ಒದಗುತ್ತದೆ. ಮರಳದೆ ಉಳಿದಷ್ಟೇ ನಿಜವಾದ ದಾನ. ಅದನ್ನು ಪ್ರತಿವರ್ಷ ಸಭೆಯಲ್ಲಿ ಓದಿ ಹೇಳಿ, ದಶಲಕ್ಷಣ ಪರ್ವದ ಕಾಣಿಕೆಯಿಂದ ತುಂಬಿಕೊಡಬಹುದು. ರೋಗಿಯ ಜಾತಿ, ಮತಗಳನ್ನು ಕೇಳಬಾರದೆಂಬುದನ್ನು ಒಪ್ಪಂದದಲ್ಲಿಯೇ ಬರೆಯಿಸಬೇಕು.

ಗಾಯಗೊಂಡವನ ಮನೆಯವರಿಗೆ ಆ ರಾತ್ರಿ ಎರಡು ಭಯಗಳಿರುತ್ತವೆ. ಒಂದು ಪ್ರಾಣದ್ದು, ಇನ್ನೊಂದು ಬಿಲ್ಲಿನದು. ಮೊದಲನೆಯದನ್ನು ವೈದ್ಯನು ನೋಡಿಕೊಳ್ಳುತ್ತಾನೆ. ಎರಡನೆಯದನ್ನು ನೀಗಿಸುವವನಿಗೆ ಔಷಧದಾನದ ಜೊತೆಗೆ ಅಭಯದಾನದ ಪುಣ್ಯವೂ ಒದಗುತ್ತದೆ.