ಸಮೀಪ ಅವಗೆಂಪು ಪ್ರತಿದೀಪಕ ಬಣ್ಣಗಳು

ಕಣ್ಣಿಗೆ ಕಾಣುವ ಕೆಂಪಿನ ಅಂಚಿನಾಚೆ, ಸುಮಾರು 700ರಿಂದ 900 ನ್ಯಾನೊಮೀಟರ್ ವ್ಯಾಪ್ತಿಯಲ್ಲಿ ಬೆಳಕನ್ನು ಹೀರಿ, ತುಸು ಉದ್ದದ ತರಂಗಾಂತರದಲ್ಲಿ ಮರಳಿ ಸೂಸುವ ಸಂಯುಕ್ತಗಳು. ಕಾಯಿಲೆಯ ಸುಳಿವು ಕೊಡುವ ಪ್ರೋಟೀನ್, ಗ್ರಾಹಕ, ಕಿಣ್ವಗಳಂಥ ಜೈವಿಕ ಸೂಚಕಗಳನ್ನು ಗುರುತಿಸಲು ಇವನ್ನು ಬಳಸುತ್ತಾರೆ. ಈ ವ್ಯಾಪ್ತಿಯೇ ಏಕೆ? ಉರಿಯುವ ಟಾರ್ಚಿಗೆ ಬೆರಳು ಒತ್ತಿದರೆ ಬೆರಳು ಕೆಂಪಗೆ ಹೊಳೆಯುತ್ತದೆ. ನೀಲಿ, ಹಸಿರು ಬೆಳಕನ್ನು ರಕ್ತದ ಹೀಮೋಗ್ಲೋಬಿನ್ ಹೀರಿಬಿಡುವುದೇ ಇದಕ್ಕೆ ಕಾರಣ. ಕೆಂಪಿನಾಚೆ ಈ ಹೀರಿಕೆ ಇನ್ನೂ ತಗ್ಗುತ್ತದೆ, ಮತ್ತೂ ಮುಂದೆ ಹೋದರೆ ನೀರು ಅಡ್ಡ ಬರುತ್ತದೆ. ಇವೆರಡರ ನಡುವಿನ ಕಿಂಡಿಯೇ ಈ ಬಣ್ಣಗಳ ಕ್ಷೇತ್ರ.

ಹುಟ್ಟು: ಇವುಗಳಲ್ಲಿ ಮುಖ್ಯವಾದದ್ದು ಸಯನೀನ್ ಕುಲ. ಇದರ ಮೊದಲ ಬಣ್ಣವನ್ನು 1856ರಲ್ಲಿ ಗ್ರೆವಿಲ್ ವಿಲಿಯಮ್ಸ್ ತಯಾರಿಸಿದ. ಬೆಳಕಿಗೆ ಬೇಗ ಮಾಸುತ್ತಿದ್ದ ಕಾರಣ ಬಟ್ಟೆಗೆ ಅದು ಒಗ್ಗಲಿಲ್ಲ. 1873ರಲ್ಲಿ ಹರ್ಮನ್ ವೋಗೆಲ್, ಬಣ್ಣ ಬೆರೆಸಿದರೆ ಛಾಯಾಚಿತ್ರ ಫಲಕಗಳು ತಾವು ಗ್ರಹಿಸದಿದ್ದ ಬೆಳಕನ್ನೂ ಗ್ರಹಿಸುತ್ತವೆ ಎಂದು ತೋರಿಸಿದ ಮೇಲೆ ಈ ಕುಲಕ್ಕೆ ಫೋಟೊ ಉದ್ಯಮದಲ್ಲಿ ನೆಲೆ ಸಿಕ್ಕಿತು.

ವೈದ್ಯಕೀಯ ಪ್ರವೇಶ: ರಕ್ತಕ್ಕೆ ಬಣ್ಣ ಸೇರಿಸಿ, ಅದು ತೆಳುವಾಗುವ ಬಗೆಯಿಂದ ಹೃದಯ ಎಷ್ಟು ರಕ್ತ ಪಂಪು ಮಾಡುತ್ತಿದೆ ಎಂದು ಅಳೆಯುವ ಪದ್ಧತಿ ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿತ್ತು. ರಕ್ತದ ಆಮ್ಲಜನಕ ಏರಿಳಿದಂತೆ ಹಳೆಯ ನೀಲಿ ಬಣ್ಣಗಳ ಅಳತೆಯೂ ತಪ್ಪುತ್ತಿತ್ತು. ಸುಮಾರು 800 ನ್ಯಾನೊಮೀಟರ್‌ನಲ್ಲಿ ಆಮ್ಲಜನಕವಿರುವ, ಇಲ್ಲದ ಹೀಮೋಗ್ಲೋಬಿನ್‌ಗಳೆರಡೂ ಬೆಳಕನ್ನು ಒಂದೇ ಪ್ರಮಾಣದಲ್ಲಿ ಹೀರುತ್ತವೆ. ಅಲ್ಲಿಗೇ ಹೊಂದುವ ಬಣ್ಣ, ಇಂಡೊಸಯನೀನ್ ಗ್ರೀನ್, ಕೊಡಾಕ್ ಪ್ರಯೋಗಾಲಯದಿಂದ ಬಂತು. ಇರ್ವಿನ್ ಫಾಕ್ಸ್, ಅರ್ಲ್ ವುಡ್ ಮತ್ತು ಸಂಗಡಿಗರು 1957ರಲ್ಲಿ ಅದರ ಬಳಕೆಯನ್ನು ವರದಿ ಮಾಡಿದರು. 1959ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಆಗ ಬೇಕಾಗಿದ್ದದ್ದು ಅದರ ಹೀರಿಕೆ ಮಾತ್ರ; ಹೊಳಪನ್ನು ಕಣ್ಣಿನ ಹಿಂಪದರದ ರಕ್ತನಾಳಗಳ ಚಿತ್ರ ತೆಗೆಯಲು ಬಳಸಿದ್ದು 1970ರ ದಶಕದಲ್ಲಿ.

ಗುರುತು ಹಚ್ಚುವಿಕೆ: ಈ ಬಣ್ಣ ರಕ್ತದ ಹಾದಿಯನ್ನು ತೋರಿಸುತ್ತಿತ್ತು, ಕಾಯಿಲೆಯನ್ನಲ್ಲ. ಪ್ಲಾಸ್ಮಾ ಪ್ರೋಟೀನಿಗೆ ಅಂಟಿ, ಯಕೃತ್ತಿನ ಮೂಲಕ ಬೇಗನೆ ಪಿತ್ತಕ್ಕೆ ಸೇರಿಬಿಡುತ್ತಿತ್ತು. ಜೈವಿಕ ಸೂಚಕವನ್ನು ಹುಡುಕಿ ಅಂಟುವ ಪ್ರತಿಕಾಯಕ್ಕೆ ಕಟ್ಟಲು ಅದರಲ್ಲಿ ಹಿಡಿಕೆಯೇ ಇರಲಿಲ್ಲ. ಪ್ರತಿಕಾಯಕ್ಕೆ ಪ್ರತಿದೀಪಕ ಬಣ್ಣ ಕಟ್ಟುವ ವಿಧಾನವನ್ನು 1940ರ ದಶಕದ ಆರಂಭದಲ್ಲೇ ಆಲ್ಬರ್ಟ್ ಕೂನ್ಸ್ ರೂಪಿಸಿದ್ದರೂ ಅದು ಸೂಕ್ಷ್ಮದರ್ಶಕದಡಿಯ ಕೆಲಸವಾಗಿತ್ತು. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಅಲನ್ ವ್ಯಾಗನರ್ ತಂಡ 1980ರ ದಶಕದ ಕೊನೆಯಿಂದ ಸಯನೀನ್‌ಗಳಿಗೆ, ನೀರಿನಲ್ಲಿ ಕರಗಲೆಂದು ಸಲ್ಫೊನೇಟ್ ಗುಂಪುಗಳನ್ನೂ, ಪ್ರೋಟೀನಿನ ಅಮೀನ್ ಗುಂಪಿಗೆ ಬೆಸೆದುಕೊಳ್ಳುವ ಎಸ್ಟರನ್ನೂ ಜೋಡಿಸಿತು. ಸಿವೈ5, ಸಿವೈ7 ಹೀಗೆ ಬಂದವು. 1999ರಲ್ಲಿ ರಾಲ್ಫ್ ವೈಸ್‌ಲೆಡರ್ ತಂಡ ಇನ್ನೊಂದು ಉಪಾಯ ತೋರಿಸಿತು: ಒತ್ತೊತ್ತಾಗಿ ಕಟ್ಟಿದ ಬಣ್ಣದ ಅಣುಗಳು ಒಂದರ ಹೊಳಪನ್ನೊಂದು ಅಡಗಿಸಿಕೊಂಡಿದ್ದು, ಗಂತಿಯ ಕಿಣ್ವ ಕೊಂಡಿ ಕತ್ತರಿಸಿದಾಗಲೇ ಬೆಳಗುತ್ತವೆ.

ಶಸ್ತ್ರಚಿಕಿತ್ಸೆಯಲ್ಲಿ: ಫೋಲೇಟ್ ಗ್ರಾಹಕವನ್ನು ಹುಡುಕಿ ಅಂಟುವ ಪಾಫೊಲಾಸಯನೀನ್ ಎಂಬ ಬಣ್ಣಕ್ಕೆ 2021ರಲ್ಲಿ ಅಂಡಾಶಯದ ಕ್ಯಾನ್ಸರ್‌ಗೆ, 2022ರಲ್ಲಿ ಶ್ವಾಸಕೋಶದ ಗಂತಿಗಳಿಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಶಸ್ತ್ರಚಿಕಿತ್ಸೆಗೆ ಕೆಲವು ಗಂಟೆ ಮುಂಚೆ ಇದನ್ನು ಡ್ರಿಪ್ ಮೂಲಕ ಕೊಡುತ್ತಾರೆ. ವೈದ್ಯರ ಬರಿಗಣ್ಣಿಗೆ ಏನೂ ಕಾಣದು. ಕ್ಯಾಮೆರಾ ಹಿಡಿದ ಹೊಳಪು ಪರದೆಯ ಮೇಲೆ ಮೂಡುತ್ತದೆ. ಹಿಂದಿನ ಎರಡು ದಿನ ಫೋಲಿಕ್ ಆಮ್ಲದ ಮಾತ್ರೆ ನುಂಗಬಾರದು: ಅದೂ ಅದೇ ಗ್ರಾಹಕದಲ್ಲಿ ಕೂತು ಬಣ್ಣಕ್ಕೆ ಜಾಗ ಬಿಡದು. ಆರೋಗ್ಯವಂತ ಅಂಗಾಂಶವೂ ಒಮ್ಮೊಮ್ಮೆ ಹೊಳೆಯುತ್ತದೆ, ಕ್ಯಾನ್ಸರ್ ಇದ್ದೂ ಹೊಳೆಯದ ಜಾಗಗಳಿರುತ್ತವೆ. ಆದ್ದರಿಂದ ಕತ್ತರಿಸಿ ತೆಗೆದ ತುಣುಕು ಇಂದಿಗೂ ರೋಗಶಾಸ್ತ್ರಜ್ಞರ ಸೂಕ್ಷ್ಮದರ್ಶಕದಡಿಗೇ ಹೋಗುತ್ತದೆ.